ಟೊಂಕದ ಬೇನೆಗೆ ಮೂಲ ಎಲ್ಲಿ?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಬಿಟ್ಟು ಬಿಟ್ಟು ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವು ಎಂದು ಗುರುತಿಸುತ್ತದೆ. ಅಂಥ ನೋವುಗಳಲ್ಲಿ ಸೊಂಟದ ಕೆಳಭಾಗ, ಪಿರ್ರೆ ಮತ್ತು ತೊಡೆಯ ಬುಡಕ್ಕೆ ಸಂಬಂಧಿಸಿದ ನೋವಿನ ಕಾರಣ ಹುಡುಕುವುದು ಬಹಳ ತೊಡಕಿನ ಕೆಲಸ. ಏಕೆಂದರೆ ಬೆನ್ನುಹುರಿಯ ನರ, ಸೊಂಟದ ಕೀಲು, ಬೆನ್ನು ಮತ್ತು ಸೊಂಟದ ಎಲುಬುಗಳು ಕೂಡುವ ಸಂದು, ಅಲ್ಲಿನ ದಪ್ಪ ಸ್ನಾಯುಗಳು ಹಾಗೂ ರಕ್ತನಾಳಗಳು ಒಂದೇ ಅಂಗೈ ಅಗಲದ ಜಾಗದಲ್ಲಿ ಒತ್ತೊತ್ತಾಗಿದ್ದು, ಇವುಗಳಲ್ಲಿ ಯಾವುದು ಕೆಟ್ಟರೂ ರೋಗಿಯ ಕೈ ಹೆಚ್ಚುಕಡಿಮೆ ಅದೇ ಜಾಗವನ್ನು ತೋರಿಸುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಈ ನೋವಿಗೆ ಟೊಂಕದ ಬೇನೆ, ಚಪ್ಪೆ ನೋವು, ವಾಯು, ನರ ಹಿಡಿಯುವುದು ಎಂಬ ಹೆಸರುಗಳಿವೆ. ಹೆಸರು ಯಾವುದಾದರೂ ಉಪಚಾರ ಮಾತ್ರ ಬಹುಪಾಲು ಒಂದೇ ಆಗಿದ್ದು, ಒಂದು ಇಂಜೆಕ್ಷನ್, ನಾಲ್ಕು ಗುಳಿಗೆ ಮತ್ತು ಉಜ್ಜಲು ಒಂದು ಮುಲಾಮಿಗೆ ಅದು ಮುಗಿಯುತ್ತದೆ. ನೋವಿರುವ ಜಾಗವೇ ನೋವಿನ ಮೂಲವೆಂದು ತಿಳಿಯುವುದರಿಂದ ಆಗುವ ನಷ್ಟ ಎಷ್ಟು, ಮೂಲವನ್ನು ಕ್ರಮವಾಗಿ ಹುಡುಕುವ ದಾರಿ ಯಾವುದು ಮತ್ತು ಪೂರ್ತಿ ಹೋಗದ ನೋವಿನೊಂದಿಗೆ ಬದುಕನ್ನು ನಡೆಸುವುದು ಹೇಗೆ ಎಂಬುದನ್ನು ಈ ಮೂರು ತಾಲ್ಲೂಕುಗಳ ದುಡಿಮೆ, ದನಕರು, ನೀರು ಮತ್ತು ಔಷಧದ ಅಂಗಡಿಗಳ ಸಂದರ್ಭದಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಭಾರ ಹೊರುವ ಕೀಲು

ತೊಡೆಯ ಎಲುಬಿನ ಗುಂಡನೆಯ ತಲೆ ಸೊಂಟದ ಎಲುಬಿನ ಬಟ್ಟಲಿನಂಥ ಗುಳಿಯೊಳಗೆ ಕುಳಿತು ಆಗುವ ಕೀಲನ್ನು ಸೊಂಟದ ಕೀಲು ಅಥವಾ ಚಪ್ಪೆಯ ಕೀಲು ಎನ್ನುತ್ತಾರೆ. ಈ ಕೀಲು ಪಿರ್ರೆಯ ಹಿಂದೆ ಇರದೆ, ತೊಡೆಸಂದಿನ ನೇರಕ್ಕೆ, ದೇಹದ ಮುಂಭಾಗಕ್ಕೆ ಹತ್ತಿರವಾಗಿ ಇರುವುದರಿಂದ, ಕೀಲಿನದೇ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಂಡು ಮೊಣಕಾಲಿನ ಕಡೆಗೆ ಇಳಿಯುತ್ತದೆ. ಎಷ್ಟೋ ಸಲ ಮೊಣಕಾಲಿನ ನೋವೆಂದು ಬರುವ ರೋಗಿಯಲ್ಲಿ ಕೆಟ್ಟಿರುವುದು ಚಪ್ಪೆಯ ಕೀಲಾಗಿರುತ್ತದೆ. ಪಿರ್ರೆಯ ಮಧ್ಯದ ನೋವು ಹೆಚ್ಚಾಗಿ ಬೆನ್ನುಮೂಳೆಯಿಂದ ಅಥವಾ ಅಲ್ಲಿನ ಸ್ನಾಯುಗಳ ನಡುವೆ ಸಿಕ್ಕಿಕೊಂಡ ನರದಿಂದ ಬರುತ್ತದೆ. ಪಿರ್ರೆಯ ಮೇಲ್ಭಾಗದಲ್ಲಿ, ಚರ್ಮದ ಮೇಲೆ ಸಣ್ಣ ಗುಳಿ ಕಾಣುವ ಜಾಗದ ಹತ್ತಿರ ಒಂದೇ ಬೆರಳಿನಿಂದ ತೋರಿಸಬಹುದಾದ ನೋವು, ಬೆನ್ನಿನ ತಳದ ತ್ರಿಕೋನಾಕಾರದ ಎಲುಬು ಸೊಂಟದ ಎಲುಬಿಗೆ ಕೂಡುವ ತ್ರಿಕಸಂದಿಯದು ಎಂದು ಶಂಕಿಸಬೇಕಾಗುತ್ತದೆ. ತೊಡೆಯ ಹೊರಬದಿಗೆ, ಕೈಗೆ ಗಟ್ಟಿಯಾಗಿ ತಾಗುವ ಎಲುಬಿನ ಉಬ್ಬಿನ ಮೇಲಿನ ನೋವು ಅಲ್ಲಿಗೆ ಅಂಟಿಕೊಂಡಿರುವ ಸ್ನಾಯುರಜ್ಜುಗಳದು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರುಗಳದು. ಹೀಗೆ ನಾಲ್ಕು ಜಾಗಗಳು ನಾಲ್ಕು ಬೇರೆ ದಿಕ್ಕುಗಳನ್ನು ಸೂಚಿಸುವುದರಿಂದ, ನೋವೆಲ್ಲಿ ಎಂದು ಕೇಳಿ ರೋಗಿಯ ಬೆರಳಿನಿಂದಲೇ ತೋರಿಸಲು ಹೇಳುವುದು ಮೊದಲ ತಪಾಸಣೆಯಾಗಿದ್ದು, ಅದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ಜರ್ಮನಿಯ ಮೂಳೆತಜ್ಞ ಫ್ರೀಡ್ರಿಷ್ ಪಾವೆಲ್ಸ್ 1930ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಮನುಷ್ಯ ಒಂಟಿ ಕಾಲ ಮೇಲೆ ನಿಂತಾಗ ಚಪ್ಪೆಯ ಕೀಲು ಒಂದು ಕಡೆ ದೇಹದ ತೂಕವೂ ಇನ್ನೊಂದು ಕಡೆ ಪಿರ್ರೆಯ ಪಕ್ಕದ ಸ್ನಾಯುವಿನ ಎಳೆತವೂ ಇರುವ ತಕ್ಕಡಿಯ ನಡುಗೂಟದಂತೆ ಕೆಲಸ ಮಾಡುತ್ತದೆ. ದೇಹದ ತೂಕ ಕೀಲಿನಿಂದ ದೂರದಲ್ಲಿದ್ದು ಸ್ನಾಯು ಹತ್ತಿರದಲ್ಲಿರುವುದರಿಂದ, ಸಮತೋಲ ಕಾಯಲು ಸ್ನಾಯು ದೇಹದ ತೂಕಕ್ಕಿಂತಲೂ ಹೆಚ್ಚಿನ ಬಲದಿಂದ ಎಳೆಯಬೇಕಾಗುತ್ತದೆ. ಎರಡೂ ಸೇರಿ ಕೀಲಿನ ಮೇಲೆ ಬೀಳುವ ಒತ್ತಡ ಮೈತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಆಗುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮನುಷ್ಯ ಕ್ಷಣಕಾಲ ಒಂಟಿ ಕಾಲ ಮೇಲೆಯೇ ನಿಲ್ಲುವನಾದ್ದರಿಂದ, ತಲೆಯ ಮೇಲೆ ಹೊರೆ ಹೊತ್ತು ಹಸಿ ಎರೆಮಣ್ಣಿನಲ್ಲಿ ನಡೆಯುವವರ ಕೀಲು ಮತ್ತು ಸ್ನಾಯುರಜ್ಜುಗಳ ಪಾಡು ಏನೆಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು.

ದುಡಿಮೆ ಬರೆದ ನೋವು

ತೊಗರಿಯ ಕಣಜವೆಂದು ಹೆಸರಾದ ಕಲಬುರಗಿ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮುಂಗಾರಿನಲ್ಲಿ ಬಿತ್ತಿದ ತೊಗರಿಯ ಕಸ ತೆಗೆಯುವುದು, ಡಿಸೆಂಬರ್–ಜನವರಿಯಲ್ಲಿ ಅದನ್ನು ಕೊಯ್ದು ರಾಶಿ ಮಾಡುವುದು, ಅದರ ಬೆನ್ನಿಗೇ ಹಿಂಗಾರಿ ಜೋಳದ ಸುಗ್ಗಿ, ಭೀಮಾ ಮತ್ತು ಅಮರ್ಜಾ ನದಿಗಳ ನೀರು ತಲುಪಿದ ಕಡೆ ಕಬ್ಬಿನ ಕಟಾವು ಮತ್ತು ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾದ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಟ್ರ್ಯಾಕ್ಟರ್‌ಗಳಿಗೆ ಕಬ್ಬು ಹೇರುವ ಕೆಲಸ, ಇವೆಲ್ಲವೂ ನಡು ಬಗ್ಗಿಸಿ ಅಥವಾ ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಮಾಡುವ ದುಡಿಮೆಗಳು. ಕಸ ತೆಗೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಹೊಲದಿಂದ ಮನೆಗೆ ಬಂದ ಮೇಲೂ ಒಲೆಯ ಮುಂದೆ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು ಅವರಿಗೇ ಕಾದಿರುತ್ತದೆ.

ಇಂಥ ದುಡಿಮೆಯಿಂದ ಹುಟ್ಟುವ ನೋವುಗಳಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ತೊಡೆಯ ಹೊರಬದಿಯ ಸ್ನಾಯುರಜ್ಜುಗಳ ಸವೆತ. ಆ ಮಗ್ಗುಲಿಗೆ ಮಲಗಿದಾಗ ನಿದ್ದೆ ಕೆಡುವುದು, ಮೆಟ್ಟಿಲು ಹತ್ತುವಾಗ ಮತ್ತು ಒಂಟಿ ಕಾಲ ಮೇಲೆ ಅರ್ಧ ನಿಮಿಷ ನಿಂತಾಗ ನೋವು ಎದ್ದು ಬರುವುದು ಇದರ ಗುರುತು. ಈ ನೋವಿಗೆ ನೇರವಾಗಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದೇ ರೂಢಿಯಾಗಿದ್ದರೂ, ಆಸ್ಟ್ರೇಲಿಯಾದಲ್ಲಿ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟು ವಾರಗಳ ನಂತರ ಸುಧಾರಣೆ ಕಂಡವರ ಪ್ರಮಾಣ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ಶೇ 77, ಇಂಜೆಕ್ಷನ್ ಪಡೆದವರಲ್ಲಿ ಶೇ 58, ಕಾದು ನೋಡಿದವರಲ್ಲಿ ಶೇ 29 ಇತ್ತು. ಇನ್ನೊಂದು ಬಗೆಯ ನೋವು ಟ್ರ್ಯಾಕ್ಟರ್, ಟಂಟಂ ಮತ್ತು ಲಾರಿ ಓಡಿಸುವವರದು. ಕುಳಿತ ಆಸನದ ನಡುಕ ಮತ್ತು ಒತ್ತಡದಿಂದ ಪಿರ್ರೆಯ ತಳದ ಎಲುಬಿನ ಮೇಲಿರುವ ಜಾರುದ್ರವದ ಸಣ್ಣ ಚೀಲ ಊದಿಕೊಳ್ಳಬಹುದು, ಅಥವಾ ಪಿರ್ರೆಯ ಆಳದಲ್ಲಿರುವ ಪಿರಿಫಾರ್ಮಿಸ್ ಎಂಬ ಸಣ್ಣ ಸ್ನಾಯುವಿನ ಹತ್ತಿರ, ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರ ಒತ್ತಡಕ್ಕೆ ಸಿಲುಕಬಹುದು. ಈ ಸಂದರ್ಭದಲ್ಲಿ ಇಪ್ಪತ್ತು–ಮೂವತ್ತು ನಿಮಿಷ ಕುಳಿತರೆ ನೋವು ಹೆಚ್ಚಿ, ಎದ್ದು ನಡೆದಾಡಿದರೆ ಇಳಿಯುತ್ತದೆ.

ಪಿರ್ರೆಯಿಂದ ಶುರುವಾಗಿ ತೊಡೆ, ಮೊಣಕಾಲು, ಮೀನಖಂಡ, ಪಾದದವರೆಗೆ ಇಳಿಯುವ ನೋವನ್ನು ಚರಕಸಂಹಿತೆ ಗೃಧ್ರಸಿ ಎಂಬ ಹೆಸರಿನಲ್ಲಿ ವಾತವ್ಯಾಧಿಗಳ ಸಾಲಿಗೆ ಸೇರಿಸಿ, ಅದು ಇಳಿಯುವ ಕ್ರಮವನ್ನು ಸ್ಪಷ್ಟವಾಗಿ ದಾಖಲಿಸಿದೆ. ಯುರೋಪಿನಲ್ಲಿ ಇಟಲಿಯ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅದುವರೆಗೆ ಒಂದೇ ಎಂದು ಭಾವಿಸಲಾಗಿದ್ದ ಕೀಲಿನ ನೋವನ್ನೂ ನರದ ನೋವನ್ನೂ ಬೇರ್ಪಡಿಸಿದನು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಚಾಚಿ ನರದ ಬೇರನ್ನು ಒತ್ತುವುದೇ ಈ ನೋವಿನ ಮುಖ್ಯ ಕಾರಣವೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದ ಮೇಲೆ, ಸೊಂಟದ ಕೆಳಗಿನ ಎಲ್ಲ ನೋವಿಗೂ ಡಿಸ್ಕನ್ನೇ ದೂರುವ ಅಭ್ಯಾಸ ಬೆಳೆಯಿತು. ಎಂಆರ್‌ಐ ಬಂದ ನಂತರ ಅದು ಇನ್ನಷ್ಟು ಬಲವಾಯಿತು. ಆದರೆ ನೋವೇ ಇಲ್ಲದವರ ಎಂಆರ್‌ಐ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯ ಪ್ರಕಾರ, ಇಪ್ಪತ್ತು ವರ್ಷದವರಲ್ಲಿ ಶೇ 37 ಮತ್ತು ಎಂಬತ್ತು ವರ್ಷದವರಲ್ಲಿ ಶೇ 96 ಜನರಲ್ಲಿ ಡಿಸ್ಕ್ ಸವೆತ ಕಂಡುಬರುತ್ತದೆ. ಆದ್ದರಿಂದ ಚಿತ್ರದಲ್ಲಿ ಡಿಸ್ಕ್ ಉಬ್ಬಿದೆ ಎಂಬುದಷ್ಟೇ ನೋವಿಗೆ ಸಾಕ್ಷಿಯಾಗದು. ರೋಗಿಯ ನೋವು ಇಳಿಯುವ ಹಾದಿ, ಜೋಮು ಹಿಡಿದ ಜಾಗ, ಕಾಲಿನ ಬಲ ಮತ್ತು ಚಿತ್ರ ಇವೆಲ್ಲ ಒಂದನ್ನೊಂದು ಒಪ್ಪಿದಾಗ ಮಾತ್ರ ಡಿಸ್ಕನ್ನು ಕಾರಣವೆಂದು ಹೇಳಬಹುದು.

ವಯಸ್ಸಾದವರಲ್ಲಿ ಎರಡು ಕಾರಣಗಳನ್ನು ಬೇರೆಯಾಗಿ ನೋಡಬೇಕು. ಸ್ವಲ್ಪ ದೂರ ನಡೆದರೆ ಪಿರ್ರೆ ಮತ್ತು ತೊಡೆ ಭಾರವಾಗಿ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುವುದು ಬೆನ್ನುಹುರಿಯ ಕಾಲುವೆ ಕಿರಿದಾಗಿರುವುದರ ಲಕ್ಷಣ. ನಡೆದಾಗ ಬಂದ ನೋವು ಬಾಗದೆ ಸುಮ್ಮನೆ ನಿಂತರೂ ಇಳಿಯುವುದಾದರೆ, ವಿಶೇಷವಾಗಿ ಬೀಡಿ ಸೇದುವವರಲ್ಲಿ, ಕಾಲಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ನಾಡಿ ಮುಟ್ಟಿ ನೋಡಬೇಕಾಗುತ್ತದೆ.

ವಿಶ್ರಾಂತಿಯಲ್ಲಿ ಹೆಚ್ಚುವ ನೋವು

ದುಡಿಮೆಯ ನೋವು ದುಡಿದಾಗ ಹೆಚ್ಚಿ ವಿಶ್ರಾಂತಿಯಲ್ಲಿ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ವರ್ತಿಸುವ ನೋವೊಂದು ಯುವಜನರಲ್ಲಿದೆ. ನಲವತ್ತೈದರೊಳಗಿನ ವಯಸ್ಸಿನಲ್ಲಿ ನಿಧಾನವಾಗಿ ಆರಂಭವಾಗಿ, ರಾತ್ರಿಯ ಎರಡನೆಯ ಭಾಗದಲ್ಲಿ ನಿದ್ದೆಯಿಂದ ಎಬ್ಬಿಸಿ, ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಕಾಲ ಮೈ ಬಿಗಿಹಿಡಿದು, ಕೆಲಸಕ್ಕೆ ಇಳಿದ ಮೇಲೆ ಸಡಿಲವಾಗುವ, ಒಮ್ಮೆ ಎಡ ಪಿರ್ರೆಯಲ್ಲಿಯೂ ಇನ್ನೊಮ್ಮೆ ಬಲ ಪಿರ್ರೆಯಲ್ಲಿಯೂ ಕಾಣುವ ನೋವು ತ್ರಿಕಸಂದಿಯ ಉರಿಯೂತದ ಲಕ್ಷಣವಾಗಿದ್ದು, ಅದನ್ನು ಸ್ಪಾಂಡಿಲೋಆರ್ಥ್ರೈಟಿಸ್ ಎಂಬ ರೋಗಗುಂಪಿಗೆ ಸೇರಿಸುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವುದರಿಂದ ಬರುವ ಈ ರೋಗಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಇರುವ ನಂಟು 1973ರಲ್ಲಿ ಗೊತ್ತಾಯಿತು. ಲಕ್ಷಣ ತೋರಿದ ದಿನದಿಂದ ರೋಗದ ಹೆಸರು ತಿಳಿಯುವವರೆಗೆ ಜಗತ್ತಿನಾದ್ಯಂತ ವರ್ಷಗಳೇ ಕಳೆಯುತ್ತವೆ. ಅಷ್ಟರಲ್ಲಿ ಕೆಲವರ ಬೆನ್ನು ಕೋಲಿನಂತೆ ಬಿಗಿದು, ಚಪ್ಪೆಯ ಕೀಲೂ ಹಾಳಾಗಿರುತ್ತದೆ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದಾದ್ದರಿಂದ ತ್ರಿಕಸಂದಿಯ ಎಂಆರ್‌ಐ ಬೇಕಾಗುತ್ತದೆ. ಬರಿಯ ಸೊಂಟದ ಬೆನ್ನುಮೂಳೆಯ ಎಂಆರ್‌ಐ ಮಾಡಿಸಿದರೆ ಈ ಸಂದಿ ಚಿತ್ರದೊಳಗೆ ಬಾರದೆ ತಪ್ಪಿಹೋಗುವ ಸಾಧ್ಯತೆ ಇದೆ.

ಹಾಲು, ಕುರಿ ಮತ್ತು ಜ್ವರ

ಈ ಭಾಗದಲ್ಲಿ ಕಡ್ಡಾಯವಾಗಿ ಕೇಳಬೇಕಾದರೂ ಕೇಳದೆ ಬಿಟ್ಟುಹೋಗುವ ಪ್ರಶ್ನೆ ದನಕರು ಮತ್ತು ಕುರಿಮೇಕೆಗೆ ಸಂಬಂಧಿಸಿದ್ದು. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಜಾನುವಾರುಗಳು ಕಂದು ಹಾಕುತ್ತವೆ. ಆ ಕಂದು ಮತ್ತು ಸತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಹಾಗೂ ಕಾಯಿಸದ ಹಾಲನ್ನು ಕುಡಿಯುವುದರಿಂದ ಅದು ಮನುಷ್ಯರಿಗೆ ದಾಟುತ್ತದೆ. ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ಗುರುತಿಸಿದ ಈ ಸೂಕ್ಷ್ಮಜೀವಿ, ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಸುಸ್ತು ಇವುಗಳ ಜೊತೆಗೆ ತ್ರಿಕಸಂದಿ ಮತ್ತು ಬೆನ್ನುಮೂಳೆಯಲ್ಲಿ ನೆಲೆಸಿ ಟೊಂಕದ ಬೇನೆಯನ್ನು ಉಂಟುಮಾಡುತ್ತದೆ. ಅಫಜಲಪುರ ಮತ್ತು ಜೇವರ್ಗಿಗೆ ಹೊಂದಿಕೊಂಡಿರುವ ವಿಜಯಪುರ ಜಿಲ್ಲೆಯಲ್ಲಿ ಸೂಕ್ಷ್ಮಜೀವಿಶಾಸ್ತ್ರಜ್ಞ ಬಿ.ಜಿ. ಮಂಟೂರ ಮತ್ತು ಅವರ ಸಹೋದ್ಯೋಗಿಗಳು 16 ವರ್ಷಗಳ ಅವಧಿಯಲ್ಲಿ ಪತ್ತೆಯಾದ 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿ, ಈ ರೋಗ ಎಷ್ಟು ವೇಷಗಳಲ್ಲಿ ಬರುತ್ತದೆ ಮತ್ತು ಪರೀಕ್ಷೆ ಮಾಡದಿದ್ದರೆ ಎಷ್ಟು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ತೋರಿಸಿದರು. ಜಿಲ್ಲೆಯ ಗಡಿಯ ಆ ಬದಿಗೂ ಈ ಬದಿಗೂ ಕುರಿಸಾಕಣೆಯಲ್ಲಾಗಲಿ ಹಾಲಿನ ಬಳಕೆಯಲ್ಲಾಗಲಿ ಹೆಚ್ಚಿನ ವ್ಯತ್ಯಾಸವಿಲ್ಲದಿರುವುದರಿಂದ, ಅಲ್ಲಿ ಹುಡುಕಿದಾಗ ಸಿಕ್ಕ ರೋಗವನ್ನು ಇಲ್ಲಿಯೂ ಹುಡುಕುವುದು ನ್ಯಾಯ. ರಕ್ತದ ಅಗ್ಲುಟಿನೇಷನ್ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ಡಾಕ್ಸಿಸೈಕ್ಲಿನ್ ಜೊತೆಗೆ ಇನ್ನೊಂದು ಔಷಧ ಸೇರಿಸಿ ಕನಿಷ್ಠ ಆರು ವಾರ, ಎಲುಬಿಗೆ ತಗುಲಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಚಿಕಿತ್ಸೆ ಕೊಟ್ಟರೆ ಬಹುತೇಕರು ಗುಣವಾಗುತ್ತಾರೆ. ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕಿಸಲು ಅವಕಾಶವಿದ್ದು, ಕರುವಿಗೆ ಹಾಕಿಸಿದ ಲಸಿಕೆ ಮನೆಯವರ ಟೊಂಕವನ್ನೂ ಕಾಯುತ್ತದೆ.

ಜ್ವರ ಮತ್ತು ತೂಕ ಇಳಿಕೆಯೊಂದಿಗೆ ಬರುವ ಚಪ್ಪೆ ನೋವಿನಲ್ಲಿ ಎರಡನೆಯ ಶಂಕೆ ಕ್ಷಯದ್ದು. ಕ್ಷಯವೆಂದರೆ ಕೆಮ್ಮು ಎಂಬ ತಿಳಿವಳಿಕೆ ಗಟ್ಟಿಯಾಗಿರುವುದರಿಂದ, ಕೆಮ್ಮಿಲ್ಲದೆ ಬೆನ್ನುಮೂಳೆ ಅಥವಾ ಚಪ್ಪೆಯ ಕೀಲನ್ನು ತಿನ್ನುವ ಕ್ಷಯ ತಡವಾಗಿ ಗೊತ್ತಾಗುತ್ತದೆ. ಕುಂಟುವ ಮಗು ರಾತ್ರಿ ನಿದ್ದೆಯಲ್ಲಿ ಚೀರಿ ಏಳುವುದು ಇದರ ಹಳೆಯ ಮತ್ತು ಗಂಭೀರ ಲಕ್ಷಣ. ಔಷಧವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದ್ದು, ಎಲುಬಿನ ಕ್ಷಯಕ್ಕೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬಿಡದೆ ತೆಗೆದುಕೊಳ್ಳಬೇಕು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸಿಗುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಗುಳಿಗೆಯೇ ಕೆಡಿಸಿದ ಕೀಲು

ಇಪ್ಪತ್ತರಿಂದ ಐವತ್ತರ ನಡುವಿನ ವಯಸ್ಸಿನಲ್ಲಿ ತೊಡೆಸಂದಿನ ನೋವು ಶುರುವಾಗಿ ದಿನದಿಂದ ದಿನಕ್ಕೆ ಕುಂಟು ಹೆಚ್ಚುತ್ತಿದ್ದರೆ, ತೊಡೆಯ ಎಲುಬಿನ ತಲೆಗೆ ರಕ್ತ ಸಿಗದೆ ಅದು ಒಳಗಿಂದ ಸಾಯುತ್ತಿರುವ ರೋಗವನ್ನು ಶಂಕಿಸಬೇಕು. ರಕ್ತ ಪೂರೈಕೆ ನಿಂತು ಎಲುಬು ಸಾಯುವ ಈ ಸ್ಥಿತಿಯನ್ನು ಎವಿಎನ್ ಎಂಬ ಚುಟುಕು ಹೆಸರಿನಿಂದ ಕರೆಯುತ್ತಾರೆ. ಮದ್ಯದ ಅತಿಬಳಕೆ, ಕುಡಗೋಲು ಕಣ ರಕ್ತಹೀನತೆ ಮತ್ತು ಚಪ್ಪೆಗೆ ಬಿದ್ದ ಪೆಟ್ಟು ಇದರ ಕಾರಣಗಳಾಗಿದ್ದು, ಇವುಗಳ ಸಾಲಿನಲ್ಲಿ ಮುಂದೆ ನಿಲ್ಲುವುದು ಸ್ಟೀರಾಯ್ಡ್ ಔಷಧ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳ ಈ ಔಷಧಗಳು ಪ್ರಾಣ ಉಳಿಸುವ ಸಂದರ್ಭಗಳಿವೆ ಮತ್ತು ಕೋವಿಡ್ ಕಾಲದಲ್ಲಿ ಅನೇಕರನ್ನು ಉಳಿಸಿಯೂ ಇವೆ. ಆದರೆ ಅನೇಕ ಬಗೆಯ ನೋವನ್ನು ಒಂದೆರಡು ದಿನದಲ್ಲಿ ಅಡಗಿಸುವ ಗುಣವಿರುವುದರಿಂದಲೇ ಅವು ಓದಿಲ್ಲದ ವೈದ್ಯರ ಚೀಲದಲ್ಲಿ, ಚೀಟಿ ಕೇಳದ ಅಂಗಡಿಗಳಲ್ಲಿ ಮತ್ತು ಕೆಲವೊಮ್ಮೆ ಗಿಡಮೂಲಿಕೆಯ ಪುಡಿ ಎಂದು ಮಾರುವ ಪೊಟ್ಟಣಗಳಲ್ಲಿಯೂ ಸೇರಿಕೊಳ್ಳುತ್ತವೆ. ಟೊಂಕದ ಬೇನೆಗೆಂದು ನುಂಗಿದ ಗುಳಿಗೆ ನೋವನ್ನು ಅಡಗಿಸುತ್ತಲೇ ಚಪ್ಪೆಯ ಎಲುಬನ್ನು ಕೊಲ್ಲಬಹುದು, ಬ್ರುಸೆಲ್ಲಾ ಅಥವಾ ಕ್ಷಯವಿದ್ದರೆ ಅದನ್ನು ಬೆಳೆಸಬಹುದು, ಸಕ್ಕರೆ ಕಾಯಿಲೆಯನ್ನು ಏರಿಸಬಹುದು. ಆರಂಭದ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣುವ ಈ ರೋಗವನ್ನು ಎಲುಬಿನ ತಲೆ ಕುಸಿಯುವ ಮೊದಲೇ ಹಿಡಿದರೆ, ಎಲುಬಿಗೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯಿಂದ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿದೆ. ಕುಸಿದ ಮೇಲೆ ಬಹುಮಟ್ಟಿಗೆ ಉಳಿಯುವುದು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಮಾದರಿಯಿಂದ ಬೆಳೆದುಬಂದ ಕೃತಕ ಕೀಲು ಜೋಡಣೆ ಮಾತ್ರ.

ನೀರು ಮತ್ತು ವಂಶ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಹಲ್ಲಿನ ಮೇಲೆ ಕಂದು ಕಲೆಯಾಗಿಯೂ, ಪ್ರಮಾಣ ಇನ್ನಷ್ಟು ಹೆಚ್ಚಿದ್ದು ವರ್ಷಗಳ ಕಾಲ ಕುಡಿದಾಗ ಬೆನ್ನು ಮತ್ತು ಸೊಂಟದ ಕಟ್ಟುನಾರುಗಳು ಸುಣ್ಣಗಟ್ಟಿದ ಬಿಗಿತವಾಗಿಯೂ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಇದನ್ನು 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಲಾಯಿತು. ಆಳಂದ ಮತ್ತು ಅಫಜಲಪುರದ ನೆಲ ಬಸಾಲ್ಟ್ ಎಂಬ ಕಪ್ಪು ಲಾವಾ ಬಂಡೆಯದ್ದಾಗಿದ್ದು, ಫ್ಲೋರೈಡಿನ ತೊಂದರೆ ಹೆಚ್ಚಾಗಿ ಯಾದಗಿರಿ–ರಾಯಚೂರಿನ ಕಡೆಯ ಗ್ರಾನೈಟ್ ಸೀಮೆಯಲ್ಲಿ ಕಾಣುವುದರಿಂದ, ಇಲ್ಲಿ ಇದನ್ನು ಮೊದಲ ಕಾರಣವೆಂದು ಹಿಡಿಯಬೇಕಿಲ್ಲ. ಆದರೆ ಒಂದೇ ಬೋರ್‌ವೆಲ್‌ನ ನೀರು ಕುಡಿಯುವ ಓಣಿಯಲ್ಲಿ ಹಲವರಿಗೆ ಹಲ್ಲಿನ ಕಲೆಯೂ ಬೆನ್ನಿನ ಬಿಗಿತವೂ ಇದ್ದರೆ ನೀರಿನ ಪರೀಕ್ಷೆ ಆಗಲೇಬೇಕು. ಬಿಸಿಲು ಧಾರಾಳವಾಗಿರುವ ಈ ಸೀಮೆಯಲ್ಲಿಯೂ ಮನೆಯೊಳಗೇ ಇರುವ, ಮೈತುಂಬ ಮುಚ್ಚಿಕೊಳ್ಳುವ ಅಥವಾ ಬಾಣಂತಿಯಾಗಿರುವ ಹೆಂಗಸರಲ್ಲಿ ಡಿ ಜೀವಸತ್ವದ ಕೊರತೆಯಿಂದ ಎಲುಬು ಮೆತ್ತಗಾಗಿ, ಬಾತುಕೋಳಿಯಂತೆ ವಾಲುವ ನಡಿಗೆ ಬರುವುದುಂಟು. ಇದು ಅಗ್ಗದ ಔಷಧದಿಂದ ಗುಣವಾಗುವ ಕಾರಣಗಳಲ್ಲೊಂದು.

ಮೊದಲ ಊಹೆಯೇ ಕಡೆಯ ತೀರ್ಮಾನವಾಗಬಾರದು ಎಂಬುದಕ್ಕೆ ಕರ್ನಾಟಕದಲ್ಲೇ ಪ್ರಸಿದ್ಧ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974–75ರ ಸುಮಾರಿಗೆ ಬಡ ಕೂಲಿ ಕುಟುಂಬಗಳ ಅನೇಕರು ಚಪ್ಪೆ ಮತ್ತು ಮೊಣಕಾಲಿನ ನೋವಿನಿಂದ ನಡೆಯಲಾರದಂತಾದಾಗ, ಗದ್ದೆಗೆ ಸಿಂಪಡಿಸಿದ ಕೀಟನಾಶಕ ಸೇರಿದ ಏಡಿಯನ್ನು ತಿಂದದ್ದು ಕಾರಣವಿರಬಹುದೆಂದು ಶಂಕಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಆರಂಭಿಸಿದ ಅಧ್ಯಯನವನ್ನು ಮುಂದಿನ ದಶಕಗಳಲ್ಲಿ ಇತರ ಸಂಶೋಧಕರು ಮುಂದುವರಿಸಿ, ಕುಟುಂಬಗಳ ವಂಶಾವಳಿ ಮತ್ತು ಎಕ್ಸ್‌ರೇಗಳನ್ನು ಪರಿಶೀಲಿಸಿದ ಮೇಲೆ, ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ಎಲುಬಿನ ಬೆಳವಣಿಗೆಯ ದೋಷವೆಂದು ಗೊತ್ತಾಯಿತು. ದಕ್ಷಿಣ ಆಫ್ರಿಕಾದ ಎಂಸೆಲೆನಿ ಪ್ರದೇಶದಲ್ಲಿ ಇದನ್ನೇ ಹೋಲುವ ಕೀಲುರೋಗವಿದೆ. ಹಂದಿಗೋಡಿನ ರೋಗ ಕಲಬುರಗಿಯಲ್ಲಿಲ್ಲ. ಆದರೆ ಮನೆಯಲ್ಲಿ ಇನ್ನಾರಿಗೆ ಇಂಥ ನೋವಿದೆ ಎಂಬ ಪ್ರಶ್ನೆ ಎಲ್ಲೆಡೆ ಅಗತ್ಯವೆಂಬುದನ್ನು ಅದು ಕಲಿಸಿತು.

ಹುಡುಕುವ ಕ್ರಮ

ಇಷ್ಟು ಕಾರಣಗಳ ನಡುವೆ ಒಂದನ್ನು ಹಿಡಿಯುವ ಕೆಲಸ ಕಷ್ಟವೆನಿಸಿದರೂ, ಕ್ರಮ ತಪ್ಪದಿದ್ದರೆ ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲೇ ಅದರ ಬಹುಭಾಗ ಮುಗಿಯುತ್ತದೆ. ನೋವು ಎಲ್ಲಿ, ಎಂದಿನಿಂದ, ಯಾವ ಹೊತ್ತಿನಲ್ಲಿ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ, ಜ್ವರವಿದೆಯೇ, ಮನೆಯಲ್ಲಿ ದನ–ಕುರಿ ಇವೆಯೇ, ಹಿಂದೆ ಯಾವ ಗುಳಿಗೆ ನುಂಗಿದ್ದಾರೆ ಎಂಬ ಪ್ರಶ್ನೆಗಳು ಮೊದಲು. ನಡಿಗೆ ನೋಡುವುದು, ಮಲಗಿಸಿ ತೊಡೆಯನ್ನು ಒಳಹೊರಗೆ ತಿರುಗಿಸುವುದು, ಕಾಲನ್ನು ನೇರವಾಗಿ ಎತ್ತುವುದು, ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಮೊಣಕಾಲ ಮೇಲಿಟ್ಟು ತೊಡೆಯನ್ನು ಕೆಳಕ್ಕೆ ಒತ್ತುವುದು ನಂತರ. ಸೊಂಟದ ಎಲುಬಿನ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಅದರ ಮೇಲೆ. ಎಂಆರ್‌ಐ ಕೊನೆಗೆ, ಅದೂ ಯಾವ ಜಾಗದ್ದು ಎಂದು ನಿರ್ಧರಿಸಿದ ಮೇಲೆ. ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ತೊಡೆಸಂದಿನಲ್ಲಿ ನೋವು ಬಂದರೆ ಕೀಲು, ಕಾಲನ್ನು ನೇರವಾಗಿ ಎತ್ತಿದಾಗ ಮೊಣಕಾಲಿನ ಕೆಳಗೆ ಮಿಂಚು ಹೊಡೆದಂತಾದರೆ ನರ ಎಂಬಷ್ಟು ವಿವೇಚನೆ ಬರಿಗೈಯ ತಪಾಸಣೆಯಿಂದಲೇ ಸಾಧ್ಯ.

ಆಳಂದ ಮತ್ತು ಜೇವರ್ಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರದಿಂದ ಅದಕ್ಕಿಂತ ದೂರದಲ್ಲಿರುವ ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್, ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜುಗಳಿವೆ. ಗಡಿಯ ಊರುಗಳ ಜನ ಸೊಲ್ಲಾಪುರಕ್ಕೂ ಹೋಗುತ್ತಾರೆ. ಆಸ್ಪತ್ರೆ ಬದಲಾದಾಗಲೆಲ್ಲ ಹಳೆಯ ಚೀಟಿ ಮತ್ತು ಚಿತ್ರಗಳು ಮನೆಯಲ್ಲೇ ಉಳಿದು ಹುಡುಕಾಟ ಮೊದಲಿನಿಂದ ಆರಂಭವಾಗುವುದರಿಂದ, ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯುವುದು ರೋಗಿಯೇ ಮಾಡಬಹುದಾದ ದೊಡ್ಡ ಉಪಕಾರ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದ್ದು, ಅದನ್ನು ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುವುದರಿಂದ ತಾಲ್ಲೂಕು ಆಸ್ಪತ್ರೆಯಿಂದಲೇ ಆರಂಭಿಸುವುದು ಲೇಸು.

ಕೆಲವು ಲಕ್ಷಣಗಳು ಕಂಡರೆ ಕಾಯುವಂತಿಲ್ಲ. ಕುಳಿತುಕೊಳ್ಳುವ ಜಾಗ ಜೋಮು ಹಿಡಿಯುವುದು, ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು, ಪಾದ ಎತ್ತಲಾಗದಿರುವುದು, ಜ್ವರದೊಂದಿಗೆ ಕಾಲೂರಲಾಗದಿರುವುದು ಮತ್ತು ಮುದುಕರು ಜಾರಿಬಿದ್ದ ಮೇಲೆ ಏಳಲಾಗದಿರುವುದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಗಳು. ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಎಲುಬು ನೋಯುವುದು ಆ ವಾರದೊಳಗೆ ತಪಾಸಣೆಯಾಗಬೇಕಾದವು.

ನೋವಿನ ಜೊತೆಗಿನ ಬದುಕು

ಕಾರಣ ತಿಳಿದ ಮೇಲೂ ಎಲ್ಲ ನೋವು ಪೂರ್ತಿ ಹೋಗುವುದಿಲ್ಲ. ಬಹುಕಾಲದ ನೋವಿನಲ್ಲಿ ನರವ್ಯೂಹವೇ ಅತಿಸೂಕ್ಷ್ಮವಾಗಿ, ಸಣ್ಣ ಚಲನೆಯನ್ನೂ ದೊಡ್ಡ ನೋವೆಂದು ಗ್ರಹಿಸತೊಡಗುತ್ತದೆ. ನೋವಿಗೆ ಹೆದರಿ ಹಾಸಿಗೆ ಹಿಡಿದರೆ ಪಿರ್ರೆಯ ಸ್ನಾಯುಗಳು ಸೊರಗಿ, ಕೀಲಿನ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಸೋಂಕು ಮತ್ತು ಮುರಿತ ಇಲ್ಲವೆಂದು ಖಚಿತವಾದ ಮೇಲೆ, ದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ನಡೆಯುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟವನ್ನು ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು ಮೊದಲಾದ ವ್ಯಾಯಾಮಗಳನ್ನು ಫಿಸಿಯೋಥೆರಪಿ ಮಾಡುವವರಿಂದ ಕಲಿತು ಕನಿಷ್ಠ ಎರಡು–ಮೂರು ತಿಂಗಳು ಮುಂದುವರಿಸಬೇಕು. ಹೊರಬದಿಯ ನೋವಿರುವವರು ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು, ಒಂದೇ ಕಾಲಿಗೆ ಭಾರ ಕೊಟ್ಟು ನಿಲ್ಲುವುದನ್ನು ಬಿಟ್ಟು, ಮಗ್ಗುಲಾದಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ರಾತ್ರಿಯ ನಿದ್ದೆ ಮರಳುತ್ತದೆ. ಕೀಲು ಸವೆದವರು ನೆಲದ ಬದಲು ಮಣೆ ಅಥವಾ ಕುರ್ಚಿಯ ಮೇಲೆ ಕುಳಿತು, ಒಲೆಯನ್ನು ಕಟ್ಟೆಗೆ ಏರಿಸಿಕೊಂಡು, ಕುಕ್ಕರುಗಾಲಿನ ಪಾಯಿಖಾನೆಗೆ ಎತ್ತರದ ಆಸನ ಹಾಕಿಸಿಕೊಳ್ಳುವುದು ವೈಭೋಗವೆನಿಸದೆ ಚಿಕಿತ್ಸೆಯೆನಿಸಬೇಕು. ಕೋಲು ಹಿಡಿಯುವವರು ನೋವಿರುವ ಚಪ್ಪೆಯ ಎದುರು ಕೈಯಲ್ಲಿ ಹಿಡಿಯಬೇಕು. ಆಗ ಸ್ನಾಯುವಿನ ಎಳೆತ ಕಡಿಮೆಯಾಗಿ ಕೀಲಿನ ಮೇಲಿನ ಒತ್ತಡ ಗಣನೀಯವಾಗಿ ಇಳಿಯುತ್ತದೆ ಎಂಬುದು ಪಾವೆಲ್ಸ್‌ನ ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಆಷಾಢದಲ್ಲಿ ಪಂಢರಪುರಕ್ಕೋ ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೋ ಪಾದಯಾತ್ರೆ ಹೋಗುವವರು ಹೊರಡುವ ಕೆಲವು ವಾರಗಳ ಮೊದಲಿನಿಂದಲೇ ದಿನದ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಿಕೊಂಡರೆ ಸ್ನಾಯುರಜ್ಜುಗಳು ಹಠಾತ್ ಭಾರಕ್ಕೆ ಸಿಲುಕುವುದಿಲ್ಲ.

ನೋವು ನಿವಾರಕಗಳ ಬಳಕೆಯಲ್ಲಿ ಈ ಸೀಮೆಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಡೈಕ್ಲೊಫೆನಾಕ್ ಮುಂತಾದ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುತ್ತವೆ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೆವರಿ ನೀರು ಬತ್ತಿದ ದೇಹಕ್ಕೆ ಅವೇ ಗುಳಿಗೆಗಳನ್ನು ದಿನವೂ ಹಾಕಿದರೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚುತ್ತದೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಜಠರದ ಹುಣ್ಣಾಗಬಹುದು. ನಿದ್ದೆಗೆಟ್ಟು ದುಡಿಮೆ ನಿಂತವರಲ್ಲಿ ಖಿನ್ನತೆ ಸೇರಿಕೊಳ್ಳುವುದು ಸಹಜವಾಗಿದ್ದು, ಅದಕ್ಕೂ ಚಿಕಿತ್ಸೆ ನೀಡಿದಾಗ ನೋವೂ ತಗ್ಗುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಟೊಂಕದ ಬೇನೆಗೆ ಒಂದೇ ಮೂಲವಿಲ್ಲ; ಆದ್ದರಿಂದ ಒಂದೇ ಔಷಧವೂ ಇರಲಾರದು. ಆರೋಗ್ಯ ಇಲಾಖೆಯು ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಬ್ರುಸೆಲ್ಲಾ ರಕ್ತಪರೀಕ್ಷೆ ಮತ್ತು ಫಿಸಿಯೋಥೆರಪಿ ವರ್ಷವಿಡೀ ದೊರೆಯುವಂತೆ ನೋಡಿಕೊಂಡು, ಚೀಟಿಯಿಲ್ಲದೆ ಸ್ಟೀರಾಯ್ಡ್ ಮಾರುವುದನ್ನು ತಡೆದರೆ, ತಡವಾಗಿ ಪತ್ತೆಯಾಗುವ ರೋಗಗಳಲ್ಲಿ ಅನೇಕವು ಮೊದಲೇ ಸಿಕ್ಕಿಬೀಳುತ್ತವೆ. ಅಲ್ಲಿಯವರೆಗೆ ಮೂರು ತಿಂಗಳು ದಾಟಿದ ನೋವಿರುವ ಪ್ರತಿಯೊಬ್ಬರೂ, ಗುಳಿಗೆ ಕೈಗೆ ಬಂದಾಗ ಅದರ ಹೆಸರನ್ನು ಕೇಳಿ ಬರೆಸಿಕೊಳ್ಳಲಿ, ಅದನ್ನು ನುಂಗುವ ಮೊದಲು ತಮ್ಮ ನೋವಿನ ಕಾರಣವೇನೆಂದು ವೈದ್ಯರನ್ನು ಕೇಳಲಿ.